ನಾಯಿಗೆ ಸೊಳ್ಳೆಯ ಕಾಟ: ನಿಸರ್ಗದ ಮದ್ದು ಎಷ್ಟರಮಟ್ಟಿಗೆ ಕ್ಷೇಮ?

ಸಕಲ ಜೀವಗಳ ಮೇಲಣ ಕರುಣೆಯನ್ನು ಧರ್ಮದ ತಳಹದಿಯೆಂದು ಬೋಧಿಸಿದ ಶರಣರ ಮಾರ್ಗದಲ್ಲಿ ನಡೆಯುವವರು ನಾವು. ಆ ಕರುಣೆ ಮೊದಲು ತಲುಪಬೇಕಾದುದು ನಮ್ಮ ಹೊಸ್ತಿಲಲ್ಲಿರುವ ಜೀವಗಳಿಗೆ. ಒಂದು ರೊಟ್ಟಿಯ ಋಣಕ್ಕೆ ರಾತ್ರಿಯಿಡೀ ಎಚ್ಚರವಿದ್ದು ಮನೆ, ಕಣ, ಕೊಟ್ಟಿಗೆಗಳನ್ನು ಕಾಯುವ ನಾಯಿ ಅಂತಹ ಜೀವಗಳಲ್ಲಿ ಒಂದು. ಮಳೆಗಾಲ ಕಾಲಿಟ್ಟೊಡನೆ ನಾವು ಕಿಟಕಿಗಳನ್ನು ಮುಚ್ಚಿ, ಪರದೆ ಕಟ್ಟಿಕೊಂಡು ಮಲಗುತ್ತೇವೆ. ಅಂಗಳದಲ್ಲಿ ಮಲಗಿದ ನಾಯಿ ಮಾತ್ರ ಕಿವಿ ಕೊಡವುತ್ತ, ಮೂತಿಯನ್ನು ಮುಂಗಾಲುಗಳ ನಡುವೆ ಹುದುಗಿಸುತ್ತ ಬೆಳಗು ಮಾಡುತ್ತದೆ.

ನಾಯಿಗೆ ಸೊಳ್ಳೆ ಕಡಿಯದಂತೆ ಮನೆಯಲ್ಲಿಯೇ ದೊರೆಯುವ ಪದಾರ್ಥಗಳಿಂದ ಏನಾದರೂ ಮಾಡಬಹುದೇ ಎಂಬುದು ಸದ್ಭಕ್ತರಲ್ಲಿ ಅನೇಕರ ಪ್ರಶ್ನೆ. ಬೇವಿನೆಣ್ಣೆ ಹಚ್ಚಬಹುದೇ, ಕರ್ಪೂರ ಲೇಪಿಸಬಹುದೇ, ಬೆಳ್ಳುಳ್ಳಿ ತಿನ್ನಿಸಿದರೆ ಸೊಳ್ಳೆ ಹತ್ತಿರ ಸುಳಿಯುವುದಿಲ್ಲವೇ ಎಂದು ಕೇಳುವವರುಂಟು. ಪ್ರಶ್ನೆಯ ಹಿಂದಿರುವ ಕಾಳಜಿ ಮೆಚ್ಚತಕ್ಕದ್ದು. ಆದರೆ ಗಿಡದಿಂದ ಬಂದುದೆಲ್ಲವೂ ನಿರಪಾಯಕರವೆಂಬ ನಂಬಿಕೆ ಅದರ ಜೊತೆಗೆ ಸೇರಿಕೊಂಡಿದೆ. ಈ ನಂಬಿಕೆಯಿಂದಲೇ ಎಷ್ಟೋ ನಾಯಿಗಳು ಸೊಳ್ಳೆಗಿಂತ ಮದ್ದಿನಿಂದ ಹೆಚ್ಚು ನರಳುತ್ತವೆ. ಆದುದರಿಂದ ಯಾವುದು ಉಪಯುಕ್ತ, ಯಾವುದು ನಿರರ್ಥಕ, ಯಾವುದು ವಿಷ ಎಂಬುದನ್ನು ಒಂದೊಂದಾಗಿ ವಿಚಾರಿಸೋಣ.

ಕಡಿತದ ಹಿಂದಿನ ಅಪಾಯ

ಸೊಳ್ಳೆಯ ಕಡಿತದಿಂದ ನಾಯಿಗೆ ಆಗುವ ತುರಿಕೆ ಚಿಕ್ಕ ತೊಂದರೆ. ರೋಮ ವಿರಳವಾಗಿರುವ ಕಿವಿಯ ತುದಿ, ಮೂಗಿನ ಮೇಲ್ಭಾಗ, ಕಣ್ಣಿನ ಸುತ್ತ, ಹೊಟ್ಟೆಯ ಅಡಿ, ತೊಡೆಯ ಒಳಮೈ ಇವು ಸೊಳ್ಳೆಗೆ ಸುಲಭವಾಗಿ ದೊರೆಯುವ ಸ್ಥಳಗಳು. ನಮ್ಮ ಮುಧೋಳ ನಾಯಿಯಂತಹ ಗಿಡ್ಡ ಕೂದಲಿನ ತಳಿಗಳಲ್ಲಿ ಇಡೀ ಮೈಯೇ ಸೊಳ್ಳೆಗೆ ತೆರೆದಿರುತ್ತದೆ.

ದೊಡ್ಡ ತೊಂದರೆ ಕಣ್ಣಿಗೆ ಕಾಣದು. ಸೊಳ್ಳೆಯು ರೋಗಗ್ರಸ್ತ ನಾಯಿಯ ರಕ್ತವನ್ನು ಹೀರುವಾಗ ಅದರಲ್ಲಿರುವ ಅತಿಸೂಕ್ಷ್ಮ ಮರಿಹುಳುಗಳನ್ನೂ ಹೀರಿಕೊಳ್ಳುತ್ತದೆ. ಬೆಚ್ಚನೆಯ ವಾತಾವರಣದಲ್ಲಿ ಸುಮಾರು 10ರಿಂದ 14 ದಿನಗಳೊಳಗೆ ಅವು ಸೊಳ್ಳೆಯ ದೇಹದಲ್ಲಿ ಬೆಳೆದು, ಅದು ಮತ್ತೊಂದು ನಾಯಿಯನ್ನು ಕಚ್ಚಿದಾಗ ಆ ಗಾಯದ ಮೂಲಕ ಒಳಸೇರುತ್ತವೆ. ಹೀಗೆ ಹರಡುವ ಹುಳುಗಳಲ್ಲಿ ಅತ್ಯಂತ ಅಪಾಯಕಾರಿಯಾದುದು ಡೈರೊಫೈಲೇರಿಯಾ ಇಮಿಟಿಸ್, ಅಂದರೆ ಹೃದಯದ ಹುಳು. ಅದು ತಿಂಗಳುಗಟ್ಟಲೆ ದೇಹದೊಳಗೆ ಸಂಚರಿಸಿ, ಹೃದಯದ ಬಲಭಾಗ ಮತ್ತು ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳಗಳಲ್ಲಿ ನೆಲೆಸುತ್ತದೆ. ಬೆಳೆದ ಹೆಣ್ಣುಹುಳು 25ರಿಂದ 30 ಸೆಂಟಿಮೀಟರ್ ಉದ್ದವಿದ್ದು, ನಾಯಿಯ ದೇಹದಲ್ಲಿ 5ರಿಂದ 7 ವರ್ಷ ಬದುಕಬಲ್ಲದು. ಸೋಂಕು ತಗುಲಿ ಆರೇಳು ತಿಂಗಳಾಗುವವರೆಗೆ ಸಾಮಾನ್ಯವಾಗಿ ಹೊರಗೆ ಯಾವ ಲಕ್ಷಣವೂ ತೋರದು. ಬಳಿಕ ಒಣಕೆಮ್ಮು, ಸ್ವಲ್ಪ ಓಡಿದರೂ ಏದುಸಿರು, ಮೈ ಸೊರಗುವಿಕೆ, ಕೊನೆಯ ಹಂತದಲ್ಲಿ ಹೊಟ್ಟೆಯಲ್ಲಿ ನೀರು ತುಂಬುವಿಕೆ ಇವು ಕಾಣಿಸಿಕೊಳ್ಳುತ್ತವೆ. “ನಾಯಿಗೆ ವಯಸ್ಸಾಯಿತು” ಎಂದು ಮನೆಯವರು ಸುಮ್ಮನಾಗುವುದು ಈ ಹಂತದಲ್ಲಿಯೇ.

ನಮ್ಮ ದೇಶದಲ್ಲಿ ಹೃದಯದ ಹುಳು ಈಶಾನ್ಯ ರಾಜ್ಯಗಳಲ್ಲಿ ಹೆಚ್ಚಾಗಿ ಕಂಡುಬಂದಿದೆ. ದಕ್ಷಿಣದಲ್ಲಿ, ವಿಶೇಷವಾಗಿ ಪಶ್ಚಿಮ ಕರಾವಳಿಯಲ್ಲಿ, ಅದರ ಸೋದರನೆನ್ನಬಹುದಾದ ಡೈರೊಫೈಲೇರಿಯಾ ರೆಪೆನ್ಸ್ ಎಂಬ ಹುಳುವಿನ ಹಾವಳಿ ಹೆಚ್ಚು. ಇದು ನಾಯಿಯ ಚರ್ಮದ ಕೆಳಗೆ ವಾಸಿಸುತ್ತದೆ. ಸೊಳ್ಳೆಯ ಮೂಲಕ ಮನುಷ್ಯರಿಗೂ ತಗುಲುತ್ತದೆ. ಕಣ್ಣಿನ ಬಿಳಿಯ ಭಾಗದ ಪೊರೆಯ ಅಡಿಯಲ್ಲಿ ಹರಿದಾಡುವ ಜೀವಂತ ಹುಳುವನ್ನು ಶಸ್ತ್ರಕ್ರಿಯೆಯಿಂದ ಹೊರತೆಗೆದ ಪ್ರಸಂಗಗಳನ್ನು ಕೇರಳ ಹಾಗೂ ಕರ್ನಾಟಕದ ಕರಾವಳಿಯ ವೈದ್ಯರು ದಾಖಲಿಸಿದ್ದಾರೆ. ನಾಯಿಯನ್ನು ಮುಟ್ಟುವುದರಿಂದ, ಅದರೊಡನೆ ಇರುವುದರಿಂದ ಈ ಹುಳು ಬರುವುದಿಲ್ಲ; ನಡುವೆ ಸೊಳ್ಳೆ ಇರಲೇಬೇಕು. ಹೀಗಾಗಿ ನಾಯಿಯನ್ನು ಸೊಳ್ಳೆಯಿಂದ ಕಾಪಾಡುವುದೆಂದರೆ ಅದೇ ಅಂಗಳದಲ್ಲಿ ಆಡುವ ಮಕ್ಕಳನ್ನೂ ಕಾಪಾಡಿದಂತೆ.

ಮೊದಲ ಮದ್ದು: ನಿಂತ ನೀರನ್ನು ಚೆಲ್ಲುವುದು

ಸೊಳ್ಳೆಯನ್ನು ಓಡಿಸುವ ಎಣ್ಣೆಯನ್ನು ಹುಡುಕುವ ಮೊದಲು ಅದು ಹುಟ್ಟುವ ಸ್ಥಳವನ್ನು ಹುಡುಕಬೇಕು. ಇದಕ್ಕೆ ನಮ್ಮ ನಾಡಿನಲ್ಲಿಯೇ ನಡೆದ ಒಂದು ನಿದರ್ಶನವಿದೆ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂಬುದಕ್ಕೆ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸಾಕ್ಷ್ಯ ಕಂಡ ವೈದ್ಯ ರೊನಾಲ್ಡ್ ರಾಸ್, ಅದಕ್ಕೂ ಮುಂಚೆ 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ಸೇವೆಯಲ್ಲಿದ್ದರು. ತಮ್ಮ ವಸತಿಯಲ್ಲಿ ಸೊಳ್ಳೆಗಳು ವಿಪರೀತವಾಗಿರುವುದನ್ನು ಕಂಡು ಕಾರಣ ಹುಡುಕಿದಾಗ, ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಅವುಗಳ ಮರಿಗಳು ತುಂಬಿರುವುದು ಗೋಚರಿಸಿತು. ತೊಟ್ಟಿಯನ್ನು ಬರಿದು ಮಾಡಿದೊಡನೆ ಕಾಟ ಕಡಿಮೆಯಾಯಿತು. ಯಾವ ಲೇಪವೂ ಯಾವ ಧೂಪವೂ ಬೇಕಾಗಲಿಲ್ಲ.

ನಮ್ಮ ವಾತಾವರಣದಲ್ಲಿ ಸೊಳ್ಳೆಯ ಮೊಟ್ಟೆ ರೆಕ್ಕೆಯ ಸೊಳ್ಳೆಯಾಗಲು ಸಾಮಾನ್ಯವಾಗಿ 7ರಿಂದ 10 ದಿನಗಳು ಸಾಕು. ಆದುದರಿಂದ ವಾರಕ್ಕೊಮ್ಮೆ ತಪ್ಪದೆ ನೀರಿನ ಪಾತ್ರೆಗಳನ್ನು ಬರಿದು ಮಾಡಿದರೆ ಆ ಸರಪಳಿ ಕಡಿಯುತ್ತದೆ. ಲಿಂಗಪೂಜೆಗೆ ವಿಶೇಷವಾದ ಸೋಮವಾರದಂದು ಮನೆಯನ್ನು ಸಾರಿಸಿ ಶುಚಿಗೊಳಿಸುವ ರೂಢಿ ನಮ್ಮಲ್ಲಿ ಹೇಗೂ ಇದೆ. ಅದೇ ದಿನ ಅಂಗಳದ ನೀರನ್ನೂ ನೋಡುವ ನಿಯಮವನ್ನು ಸೇರಿಸಿಕೊಂಡರೆ ಮರೆಯುವ ಪ್ರಶ್ನೆಯೇ ಇಲ್ಲ.

ನೋಡಬೇಕಾದ ಸ್ಥಳಗಳು ಇವು: ನಾಯಿಗೆ ನೀರಿಡುವ ಬೋಗುಣಿ, ದನಗಳ ಬಾನಿ, ನಳದ ನೀರು ಬರುವ ದಿನ ತುಂಬಿಸಿಡುವ ಹರವಿ ಮತ್ತು ಡ್ರಮ್ಮುಗಳು, ಹೂಕುಂಡದ ಕೆಳಗಿನ ತಟ್ಟೆ, ಹಳೆಯ ಟೈರು, ತೆಂಗಿನ ಚಿಪ್ಪು, ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಮಾಳಿಗೆಯ ಮೇಲೆ ನೀರು ನಿಲ್ಲುವ ತಗ್ಗು. ನಾಯಿಯ ಬೋಗುಣಿಯ ನೀರನ್ನು ದಿನವೂ ಬದಲಿಸಬೇಕು. ಹಗಲಿನಲ್ಲಿ ಕಚ್ಚುವ ಈಡಿಸ್ ಸೊಳ್ಳೆಯ ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಆದುದರಿಂದ ಚೆಲ್ಲಿದರಷ್ಟೇ ಸಾಲದು, ಒಳಮೈಯನ್ನು ತಿಕ್ಕಿ ತೊಳೆಯಬೇಕು. ಚೆಲ್ಲಲಾಗದ ದೊಡ್ಡ ಪಾತ್ರೆಗಳಿಗೆ ಬಿಗಿಯಾಗಿ ಬಟ್ಟೆ ಕಟ್ಟಬೇಕು. ತೋಟದ ತೊಟ್ಟಿಯಂತಹ ಸ್ಥಳಗಳಲ್ಲಿ ಗಪ್ಪಿ ಮೀನುಗಳನ್ನು ಬಿಡುವುದು ಆರೋಗ್ಯ ಇಲಾಖೆಯೇ ಅನುಸರಿಸುವ ಕ್ರಮ. ಆದರೆ ಅವನ್ನು ಹಳ್ಳ, ಕೆರೆಗಳಿಗೆ ಬಿಡಬಾರದು. ಅಲ್ಲಿನ ಮೂಲ ಮೀನುಗಳಿಗೆ ಅದರಿಂದ ಕೇಡು.

ಸೊಳ್ಳೆಯೂ ಒಂದು ಜೀವವಲ್ಲವೇ, ಅದನ್ನು ಕೊಲ್ಲುವುದು ಹಿಂಸೆಯಲ್ಲವೇ ಎಂಬ ಜಿಜ್ಞಾಸೆ ಕೆಲವು ಭಕ್ತರಲ್ಲಿ ಇರಬಹುದು. ಮೊಟ್ಟೆಯಿಡಲು ನೀರನ್ನೇ ನಿಲ್ಲಗೊಡದಿರುವುದು ಈ ಜಿಜ್ಞಾಸೆಗೂ ಉತ್ತರ. ಹುಟ್ಟಿದ್ದನ್ನು ವಿಷವಿಟ್ಟು ಕೊಲ್ಲುವುದಕ್ಕಿಂತ ಹುಟ್ಟಲು ಆಸ್ಪದವೀಯದಿರುವುದು ಲೇಸು.

ಎರಡನೆಯದು: ಮಲಗುವ ಸ್ಥಳ

ಸೊಳ್ಳೆ ದುರ್ಬಲ ಹಾರಾಟಗಾರ. ಸಾಧಾರಣ ಫ್ಯಾನಿನ ಗಾಳಿಯಲ್ಲಿಯೂ ಅದು ಗುರಿ ತಲುಪಲಾರದು. ಮೇಲಾಗಿ, ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡನ್ನೂ ಮೈಯ ವಾಸನೆಯನ್ನೂ ಅನುಸರಿಸಿಯೇ ಅದು ಬರುವುದರಿಂದ, ಗಾಳಿಯಾಡಿದಾಗ ಆ ಜಾಡು ಚದುರಿಹೋಗುತ್ತದೆ. ಆದುದರಿಂದ ನಾಯಿಯನ್ನು ಪಡಸಾಲೆಯಲ್ಲಿ ಮಲಗಿಸಿ ಒಂದು ಫ್ಯಾನನ್ನು ಅದರತ್ತ ತಿರುಗಿಸುವುದು ಅನೇಕ ತೈಲಗಳಿಗಿಂತ ಪರಿಣಾಮಕಾರಿ. ತಂತಿ ಮಾತ್ರ ಅದರ ಬಾಯಿಗೆ ಸಿಗದಂತಿರಲಿ. ಗೂಡಿನಲ್ಲಿ ಮಲಗುವ ನಾಯಿಯಾದರೆ ಗೂಡಿನ ಬಾಗಿಲು, ಕಿಂಡಿಗಳಿಗೆ ಸೊಳ್ಳೆ ಜಾಳಿಗೆ ಹೊಡೆಸಬಹುದು. ಕಟ್ಟೆಯ ಮೇಲೆ ಮಲಗುವುದಾದರೆ ನಾಲ್ಕು ಕೋಲು ನೆಟ್ಟು ಹಳೆಯ ಪರದೆಯೊಂದನ್ನು ಇಳಿಬಿಡಬಹುದು. ಮುಸ್ಸಂಜೆ ಮತ್ತು ಬೆಳಗಿನ ಜಾವ ಹಲವು ಬಗೆಯ ಸೊಳ್ಳೆಗಳು ಚುರುಕಾಗಿರುವ ಸಮಯ. ಆ ವೇಳೆಯಲ್ಲಿ ನಾಯಿಯನ್ನು ಚರಂಡಿ, ತಿಪ್ಪೆ, ದಟ್ಟ ಪೊದೆಗಳ ಬಳಿ ಕಟ್ಟದಿರುವುದು ಒಳ್ಳೆಯದು.

ಹಚ್ಚಬಹುದಾದುದು

ಗಿಡಮೂಲಿಕೆಗಳಲ್ಲಿ ಬೇವಿಗೆ ಮೊದಲ ಸ್ಥಾನ. 1990ರ ದಶಕದ ಆರಂಭದಲ್ಲಿ ವಿ. ಪಿ. ಶರ್ಮಾ ಮತ್ತು ಅವರ ಸಂಗಡಿಗರು ಕೊಬ್ಬರಿ ಎಣ್ಣೆಯಲ್ಲಿ ಶೇಕಡ 2ರಷ್ಟು ಬೇವಿನೆಣ್ಣೆ ಬೆರೆಸಿ ಮನುಷ್ಯರ ಮೈಗೆ ಹಚ್ಚಿ ಪರೀಕ್ಷಿಸಿದಾಗ, ಮಲೇರಿಯಾ ಹರಡುವ ಅನಾಫಿಲಿಸ್ ಜಾತಿಯ ಸೊಳ್ಳೆಗಳಿಂದ ರಾತ್ರಿಯಿಡೀ ಉತ್ತಮ ರಕ್ಷಣೆ ದೊರೆಯಿತು. ಬಳಿಕ ಬೇರೆಡೆ ನಡೆದ ಪರೀಕ್ಷೆಗಳಲ್ಲಿ ಇಷ್ಟು ಪ್ರಬಲವಾದ ಫಲ ಯಾವಾಗಲೂ ಕಂಡಿಲ್ಲ. ಜೊತೆಗೆ, ರೋಮವುಳ್ಳ, ಮೈ ನೆಕ್ಕಿಕೊಳ್ಳುವ, ಮಣ್ಣಿನಲ್ಲಿ ಹೊರಳುವ ನಾಯಿಯ ಮೇಲೆ ಯಾವ ಎಣ್ಣೆಯೂ ಬಹಳ ಹೊತ್ತು ನಿಲ್ಲದು. ಕೆಲವು ತಾಸುಗಳ ಉಪಶಮನವನ್ನಷ್ಟೇ ನಿರೀಕ್ಷಿಸಬೇಕು.

ಮಾಡುವ ಕ್ರಮ ಹೀಗೆ: ಕಾಲು ಲೀಟರ್ ಶುದ್ಧ ಕೊಬ್ಬರಿ ಎಣ್ಣೆಗೆ ಒಂದು ಟೀ ಚಮಚದಷ್ಟು ಬೇವಿನೆಣ್ಣೆಯನ್ನು ಬೆರೆಸಬೇಕು. ಇದಕ್ಕಿಂತ ಗಾಢವಾಗಿ ಮಾಡಬಾರದು. ಮೊದಲ ದಿನ ಹೆಗಲ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಮಾತ್ರ ಹಚ್ಚಿ, ಒಂದು ದಿನ ಕಾದು, ಕೆಂಪಾಗುವಿಕೆ ಅಥವಾ ತುರಿಕೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬಳಿಕ ಕಿವಿಯ ಹೊರಮೈ, ಕತ್ತಿನ ಹಿಂಭಾಗ, ಹೆಗಲುಗಳ ನಡುವೆ, ಅಂದರೆ ನಾಲಿಗೆಗೆ ಎಟುಕದ ಸ್ಥಳಗಳಲ್ಲಿ, ತೆಳುವಾಗಿ ಸವರಬೇಕು. ಕಣ್ಣು, ಮೂಗು, ಬಾಯಿ, ಕಿವಿಯ ಒಳಗೆ, ಗಾಯವಿರುವಲ್ಲಿ ತಾಗಿಸಬಾರದು. ಮರಿಗಳಿಗೆ, ಗಬ್ಬದ ನಾಯಿಗೆ, ಹಾಲೂಡುವ ತಾಯಿಗೆ ಪಶುವೈದ್ಯರನ್ನು ಕೇಳದೆ ಹಚ್ಚಬಾರದು. ಬೇವಿನೆಣ್ಣೆಯನ್ನು ಹೊಟ್ಟೆಗೆ ಕೊಡುವುದಂತೂ ಸರ್ವಥಾ ಸಲ್ಲದು; ಅದನ್ನು ಕುಡಿಸಿದ ಚಿಕ್ಕ ಮಕ್ಕಳೇ ತೀವ್ರ ಅಸ್ವಸ್ಥರಾದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಎಣ್ಣೆ ಒಗ್ಗದ ನಾಯಿಗೆ ಬೇವಿನ ಸೊಪ್ಪನ್ನು ಕುದಿಸಿ, ಪೂರ್ಣ ಆರಿಸಿ, ಸೋಸಿದ ನೀರಿನಲ್ಲಿ ಬಟ್ಟೆ ಅದ್ದಿ ಮೈ ಒರೆಸಬಹುದು. ಸೊಳ್ಳೆಯನ್ನು ತಡೆಯುವ ಶಕ್ತಿ ಇದಕ್ಕೆ ಅಲ್ಪವೇ ಆದರೂ, ಮೈ ಸ್ವಚ್ಛವಾಗುತ್ತದೆ. ಒರೆಸುವ ನೆಪದಲ್ಲಿ ಉಣ್ಣೆ, ಗಾಯ, ಗಂಟುಗಳು ನಮ್ಮ ಕೈಗೆ ತಿಳಿಯುತ್ತವೆ. ತುಳಸಿ, ಮಜ್ಜಿಗೆಹುಲ್ಲು, ಚೆಂಡುಹೂವಿನ ಗಿಡಗಳನ್ನು ಅಂಗಳದಲ್ಲಿ ಬೆಳೆಸುವುದು ಒಳ್ಳೆಯದೇ. ಆದರೆ ಗಿಡ ಬರಿದೇ ನಿಂತಿದ್ದರೆ ಸೊಳ್ಳೆ ದೂರವಾಗುವುದಿಲ್ಲ.

ಹಚ್ಚಲೇಬಾರದುದು, ತಿನ್ನಿಸಲೇಬಾರದುದು

ಕರ್ಪೂರ ನಮ್ಮೆಲ್ಲರ ಮನೆಯ ದೇವರ ಮಾಡದಲ್ಲಿರುವ ವಸ್ತು. ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ನಾಯಿಗೆ ಹಚ್ಚುವುದನ್ನು ಅನೇಕರು ಸಹಜವೆಂದು ಭಾವಿಸುತ್ತಾರೆ. ಕರ್ಪೂರವು ಚರ್ಮದ ಮೂಲಕವೂ, ನೆಕ್ಕಿದಾಗ ಬಾಯಿಯ ಮೂಲಕವೂ ದೇಹ ಸೇರಿ ನರಮಂಡಲವನ್ನು ಕೆರಳಿಸುತ್ತದೆ. ವಾಂತಿ, ನಡುಕ, ಪ್ರಮಾಣ ಹೆಚ್ಚಾದರೆ ಸೆಳವು ಬರುತ್ತದೆ. ನೀಲಗಿರಿ ಎಣ್ಣೆ ಮತ್ತು ಟೀ ಟ್ರೀ ಎಣ್ಣೆಗಳೂ ಇದೇ ಸಾಲಿಗೆ ಸೇರಿದವು. ಟೀ ಟ್ರೀ ಎಣ್ಣೆಯನ್ನು ಹಾಗೆಯೇ ಹಚ್ಚಿದರೆ ನಾಯಿ ಕಾಲಿನ ಬಲವಿಲ್ಲದೆ ತೂರಾಡುವುದುಂಟು. ನಿಂಬೆಹುಲ್ಲಿನ ಜಾತಿಯ ಸಿಟ್ರೊನೆಲ್ಲಾ ಎಣ್ಣೆ ಸೊಳ್ಳೆಯನ್ನು ಅಲ್ಪಕಾಲ ದೂರವಿಡುತ್ತದೆಯಾದರೂ ಬೇಗ ಆವಿಯಾಗಿಹೋಗುತ್ತದೆ, ಹಸಿಯಾಗಿ ಹಚ್ಚಿದರೆ ಚರ್ಮ ಉರಿಯುತ್ತದೆ. ನಾಯಿಯ ಘ್ರಾಣಶಕ್ತಿ ನಮ್ಮದಕ್ಕಿಂತ ಎಷ್ಟೋ ಪಟ್ಟು ಸೂಕ್ಷ್ಮ. ನಮಗೆ ಪರಿಮಳವೆನಿಸುವ ತೀಕ್ಷ್ಣ ತೈಲ ಅದಕ್ಕೆ ದಿನವಿಡೀ ಹಿಂಸೆಯಾದೀತು ಎಂಬುದನ್ನು ನಾವು ನೆನೆಯಬೇಕು.

ಬೆಳ್ಳುಳ್ಳಿ ತಿನ್ನಿಸಿದರೆ ಸೊಳ್ಳೆ ಬಾರದೆಂಬುದಕ್ಕೆ ಆಧಾರವಿಲ್ಲ. ಬೆಳ್ಳುಳ್ಳಿ, ಉಳ್ಳಾಗಡ್ಡಿಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆದು ರಕ್ತಹೀನತೆಯನ್ನು ಉಂಟುಮಾಡುತ್ತವೆ ಎಂಬುದಕ್ಕೆ ಆಧಾರ ಬೇಕಾದಷ್ಟಿದೆ. ಸೀಮೆಎಣ್ಣೆ, ಸುಟ್ಟ ಎಂಜಿನ್ ಎಣ್ಣೆಗಳನ್ನು ಬಳಿಯುವ ಹಳ್ಳಿಯ ರೂಢಿಯನ್ನು ಇಂದೇ ಕೈಬಿಡಬೇಕು. ಮನುಷ್ಯರು ಮೈಗೆ ಹಚ್ಚಿಕೊಳ್ಳುವ, ಡೀಟ್ ಎಂಬ ರಾಸಾಯನಿಕವುಳ್ಳ ಕ್ರೀಮುಗಳೂ ನಾಯಿಗೆ ಸಲ್ಲವು. ದನಗಳ ಉಣ್ಣೆಗೆಂದು ತಂದ ಔಷಧವನ್ನು ಅಂದಾಜಿನಲ್ಲಿ ಬೆರೆಸಿ ಸುರಿಯುವುದು ಇನ್ನೂ ಅಪಾಯಕರ. ನಾಯಿಗೆಂದೇ ತಯಾರಾದ ಪರ್ಮೆಥ್ರಿನ್ ಔಷಧಗಳು ಕೂಡ ಬೆಕ್ಕಿಗೆ ಮಾರಕವೆಂಬುದು ಬೆಕ್ಕು ಸಾಕಿದ ಮನೆಯವರಿಗೆ ತಿಳಿದಿರಲಿ.

ಇಂತಹ ಯಾವುದೇ ತೈಲ ಅಕಸ್ಮಾತ್ ನಾಯಿಯ ಮೈಮೇಲೆ ಬಿದ್ದರೆ ಪಾತ್ರೆ ತೊಳೆಯುವ ಸೌಮ್ಯ ಸಾಬೂನು ಮತ್ತು ಉಗುರುಬೆಚ್ಚನೆಯ ನೀರಿನಿಂದ ಕೂಡಲೇ ತೊಳೆಯಬೇಕು. ನುಂಗಿದ್ದರೆ ಬಲವಂತವಾಗಿ ವಾಂತಿ ಮಾಡಿಸಬಾರದು. ಎಣ್ಣೆ ಶ್ವಾಸಕೋಶಕ್ಕೆ ಸೇರಿ ಅನಾಹುತವಾದೀತು. ಎಣ್ಣೆಯ ಸೀಸೆಯನ್ನು ಜೊತೆಗಿಟ್ಟುಕೊಂಡು ಪಶುವೈದ್ಯರ ಬಳಿಗೆ ಒಯ್ಯಬೇಕು.

ಹೊಗೆಯ ವಿಚಾರ

ಸಂಜೆ ಕೊಟ್ಟಿಗೆಯಲ್ಲಿ ಬೇವಿನ ಸೊಪ್ಪು, ಲಕ್ಕಿಸೊಪ್ಪು, ಕುಳ್ಳುಗಳ ಹೊಗೆ ಹಾಕುವುದು ಹಿರಿಯರ ಪದ್ಧತಿ. ಹೊಗೆಯಿರುವವರೆಗೆ ಸೊಳ್ಳೆ ದೂರವಿರುವುದು ನಿಜ. ಆದರೆ ಹೊಗೆ ಯಾವ ಎಲೆಯದಾದರೂ ಶ್ವಾಸಕೋಶಕ್ಕೆ ಹೊಗೆಯೇ. ನೆಲಕ್ಕೆ ಸಮೀಪದಲ್ಲಿ ಉಸಿರಾಡುವ, ಕಟ್ಟಿಹಾಕಿದ ನಾಯಿ ಎದ್ದು ದೂರ ಹೋಗಲಾರದು. ಹೊಗೆ ಹಾಕುವುದಾದರೆ ತೆರೆದ ಸ್ಥಳದಲ್ಲಿ, ಸ್ವಲ್ಪ ಹೊತ್ತು, ನಾಯಿಯನ್ನು ಬೇರೆಡೆಗೆ ಕರೆದೊಯ್ದು ಹಾಕಿ, ಗಾಳಿಯಾಡಿದ ಮೇಲೆ ಕರೆತರಬೇಕು. ಸೊಳ್ಳೆಬತ್ತಿಯ ಸುರುಳಿಯನ್ನು ಮುಚ್ಚಿದ ಕೋಣೆಯಲ್ಲಿ ಉರಿಸುವುದು ನಾಯಿಗೂ ನಮಗೂ ಕೂಡದು. ಒಂದು ಸುರುಳಿ ಉರಿದಾಗ ಹೊಮ್ಮುವ ಸೂಕ್ಷ್ಮ ಕಣಗಳ ಪ್ರಮಾಣ 75ರಿಂದ 137 ಸಿಗರೇಟುಗಳದ್ದಕ್ಕೆ ಸಮವೆಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕಹಾಕಿದೆ.

ನಿಸರ್ಗದ ಮದ್ದಿನ ಮಿತಿ

ಮೇಲೆ ಹೇಳಿದ ಕ್ರಮಗಳೆಲ್ಲ ಕಡಿತದ ಸಂಖ್ಯೆಯನ್ನು ಕಡಿಮೆ ಮಾಡುತ್ತವೆ, ಸೊನ್ನೆ ಮಾಡಲಾರವು. ಹುಳುವನ್ನು ಒಳಸೇರಿಸಲು ರೋಗವಾಹಕ ಸೊಳ್ಳೆಯ ಒಂದೇ ಕಡಿತ ಸಾಕು. ಒಳಸೇರಿದ ಹುಳುವಿಗೆ ಬೇವು, ಅರಿಶಿನ, ಕಷಾಯಗಳಲ್ಲಿ ಮದ್ದಿಲ್ಲ. ಆದುದರಿಂದ ಹುಳುವಿನ ಸೋಂಕು ಇರುವ ಪ್ರದೇಶದ ನಾಯಿಗಳಿಗೆ ಪಶುವೈದ್ಯರು ರಕ್ತಪರೀಕ್ಷೆ ಮಾಡಿ, ತಿಂಗಳಿಗೊಮ್ಮೆ ಕೊಡುವ ತಡೆ ಔಷಧವನ್ನು ಸೂಚಿಸುತ್ತಾರೆ. ಈ ಔಷಧ ಕಳೆದ ಕೆಲವು ವಾರಗಳಲ್ಲಿ ಒಳಸೇರಿದ ಎಳೆಯ ಹುಳುಗಳನ್ನು, ಅವು ಹೃದಯ ತಲುಪುವ ಮುನ್ನವೇ ನಾಶಪಡಿಸುತ್ತದೆ. ಬೆಳೆದ ಹುಳುಗಳನ್ನು ಕೊಲ್ಲುವ ಚಿಕಿತ್ಸೆಯಾದರೋ ದೀರ್ಘವಾದುದು, ಕಠಿಣವಾದುದು. ಸತ್ತ ಹುಳುಗಳು ಶ್ವಾಸಕೋಶದ ನಾಳಗಳನ್ನು ಕಟ್ಟಿಹಾಕುವ ಭಯವಿರುವುದರಿಂದ ನಾಯಿಯನ್ನು ತಿಂಗಳುಗಟ್ಟಲೆ ಓಡಾಡಗೊಡದೆ ನೋಡಿಕೊಳ್ಳಬೇಕಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ದನಗಳಿಗೆ ಕೊಡುವ ಐವರ್ಮೆಕ್ಟಿನ್ ಔಷಧವನ್ನೇ ಅಂಗಡಿಯಿಂದ ತಂದು ನಾಯಿಗೆ ಚುಚ್ಚಿಸುವವರಿದ್ದಾರೆ. ಹೃದಯದ ಹುಳುವನ್ನು ತಡೆಯಲು ಬೇಕಾದ ಪ್ರಮಾಣ ನಾಯಿಯ ಪ್ರತಿ ಕಿಲೋ ತೂಕಕ್ಕೆ ಕೇವಲ 6 ಮೈಕ್ರೊಗ್ರಾಂ. ದನದ ಔಷಧದಲ್ಲಿ ಅದನ್ನು ಅಳೆಯುವುದೇ ಕಷ್ಟ. ಕಾಲಿ ಮೊದಲಾದ ಕೆಲವು ತಳಿಗಳಲ್ಲಿ ವಂಶಪಾರಂಪರ್ಯ ದೋಷವೊಂದಿದ್ದು, ಪ್ರಮಾಣ ಮೀರಿದ ಐವರ್ಮೆಕ್ಟಿನ್ ಮಿದುಳಿಗೆ ಸೇರಿ ಪ್ರಾಣವನ್ನೇ ತೆಗೆಯಬಲ್ಲದು. ರಕ್ತದಲ್ಲಿ ಈಗಾಗಲೇ ಮರಿಹುಳುಗಳು ತುಂಬಿರುವ ನಾಯಿಗೆ ಪರೀಕ್ಷೆಯಿಲ್ಲದೆ ಔಷಧ ಕೊಟ್ಟರೆ, ಅವು ಒಮ್ಮೆಲೇ ಸತ್ತು ನಾಯಿ ಕುಸಿದುಬೀಳುವ ಸಾಧ್ಯತೆಯೂ ಇದೆ. ಸಮೀಪದ ಸರ್ಕಾರಿ ಪಶು ಚಿಕಿತ್ಸಾಲಯವನ್ನು ಮೊದಲು ಕಾಣಬೇಕು. ಬೀದರ್, ಶಿವಮೊಗ್ಗ, ಹಾಸನ ಹಾಗೂ ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯಗಳಿದ್ದು, ಆ ಭಾಗದವರು ಅಲ್ಲಿಯೂ ವಿಚಾರಿಸಬಹುದು.

ಓಣಿಯ ನಾಯಿಗಳು

ಮನೆಯ ನಾಯಿಯೊಂದನ್ನೇ ಕಾಪಾಡಿದರೆ ಕಾರ್ಯ ಮುಗಿಯುವುದಿಲ್ಲ. ಓಣಿಯ ನಾಯಿಯ ರಕ್ತದಲ್ಲಿರುವ ಹುಳುವನ್ನು ಸೊಳ್ಳೆ ನಮ್ಮ ಅಂಗಳಕ್ಕೆ ತರುತ್ತದೆ. ಅವುಗಳಿಗೆ ಎಣ್ಣೆ ಹಚ್ಚಲು, ಪರದೆ ಕಟ್ಟಲು ಯಾರಿಂದಲೂ ಆಗದು. ಅವುಗಳಿಗೆ ನಾವು ಮಾಡಬಹುದಾದ ಉಪಕಾರವೆಂದರೆ ಓಣಿಯ ಚರಂಡಿ ಹರಿಯುವಂತೆ, ನೀರಿನ ಟಾಕಿಯ ಸುತ್ತ ಕೆಸರು ನಿಲ್ಲದಂತೆ ನೋಡಿಕೊಳ್ಳುವುದು. ದಾಸೋಹ ಮುಗಿದ ಮೇಲೆ ಪ್ರಸಾದ ನಿಲಯದ ಹಿಂಬದಿಯಲ್ಲಿ ಕೈತೊಳೆದ ನೀರು ಮಡುಗಟ್ಟದಂತೆ, ಬಳಸಿದ ದೊನ್ನೆ, ಲೋಟಗಳು ಮಳೆನೀರು ತುಂಬಿಕೊಂಡು ಬಿದ್ದಿರದಂತೆ ಎಚ್ಚರ ವಹಿಸುವುದು ಮಠಕ್ಕೆ ಬರುವ ಪ್ರತಿಯೊಬ್ಬ ಭಕ್ತನ ಕಾಯಕವಾಗಲಿ.

ಒಟ್ಟಾರೆ ಹೇಳುವುದಾದರೆ ಕ್ರಮ ಹೀಗಿರಲಿ: ಮೊದಲು ನೀರು ಚೆಲ್ಲುವುದು, ಅನಂತರ ಗಾಳಿ ಮತ್ತು ಪರದೆ, ಆಮೇಲೆ ಹಿತಮಿತವಾಗಿ ಬೇವು, ಹುಳುವಿನ ವಿಷಯದಲ್ಲಿ ಪಶುವೈದ್ಯರ ಮಾತು. ಕರ್ಪೂರ ದೇವರ ಮುಂದೆ ಬೆಳಗಲಿ, ಬೆಳ್ಳುಳ್ಳಿ ನಮ್ಮ ಒಗ್ಗರಣೆಯಲ್ಲಿರಲಿ. ನಾಯಿಯ ಮೈಗೂ ಬಾಯಿಗೂ ಅವು ಬೇಡ. ಮುಂದಿನ ಸೋಮವಾರ ಪೂಜೆಗೆ ಅಣಿಯಾಗುವ ಮುನ್ನ ಒಮ್ಮೆ ಅಂಗಳ ಸುತ್ತಿ, ನಿಂತ ನೀರನ್ನು ಚೆಲ್ಲಿ, ನಾಯಿಯ ಬೋಗುಣಿಯನ್ನು ತಿಕ್ಕಿ ತೊಳೆದು ತಿಳಿನೀರು ತುಂಬಿಸಿಡಬೇಕೆಂದು ಸಮಸ್ತ ಸದ್ಭಕ್ತರಲ್ಲಿ ವಿನಂತಿಸುತ್ತೇವೆ.